ಗಿಡ್ಡ ತೋಟೆ, ಉದ್ದ ತೋಟೆ

ಬೆಂಚಿನ ಕೆಳಗೆ ಬಿದ್ದದ್ದನ್ನು ನೋಡಿದರೆ ಸಾಕು, ಬೆಂಚಿನ ಮೇಲೆ ಏನು ನಡೆಯಿತೆಂದು ವಾಯೊಲೆಟ್ ಹೇಳಬಲ್ಲಳು. ಖರ್ಜೂರದ ಬೀಜ ಇದ್ದರೆ ಮ್ಯಾನೇಜರ್ ಅಬು ಯೂಸಿಫ್ ಬಂದು ಕೂತಿದ್ದ. ಟಿಶ್ಯೂ ಕಾಗದದ ಉಂಡೆಗಳಿದ್ದರೆ ಯಾರೋ ಹೊಸಬರು ಕೈ ಬೆವರಿಸಿಕೊಂಡು, ಒಂದೂ ಗುರಿ ತಾಗದೆ, ಕೋವಿಯನ್ನು ಬೈದು ಹೋಗಿದ್ದರು. ಬಹರೈನಿನ ಆ ಖಾಸಗಿ ಗುರಿ ಕ್ಲಬ್ಬಿನಲ್ಲಿ ಅವಳು ಹನ್ನೊಂದು ವರ್ಷಗಳಿಂದ ಕ್ಲೀನರ್. ಕೋವಿ ಒರೆಸುತ್ತಿದ್ದವನು ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಆ ಕೆಲಸವೂ ಅವಳ ಪಾಲಿಗೆ ಬಂತು. ಕಾಗದದಲ್ಲಿ ಯಾರೂ ಬರೆಯಲಿಲ್ಲ. ಕ್ಲೀನರ್ ಅಂದ ಮೇಲೆ ನೆಲವೂ ಅದೇ, ನಳಿಗೆಯೂ ಅದೇ ಎಂದು ಎಲ್ಲರೂ ತಿಳಿದುಕೊಂಡರು.

ಅವಳಿಗೆ ಅದು ಹೊಸದೇನಲ್ಲ. ಶಿರ್ವದ ತವರುಮನೆಯಲ್ಲಿ ಹಂದಿ ಓಡಿಸಲು ಅಪ್ಪನದೊಂದು ಒಂಟಿ ನಳಿಗೆಯ ಕೋವಿ ಇತ್ತು. ಈಡು ಹೊಡೆಯುವವರು ಅಣ್ಣಂದಿರು. ಬೆಳಿಗ್ಗೆ ಎದ್ದು ನಳಿಗೆಯೊಳಗೆ ಎಣ್ಣೆಬಟ್ಟೆ ಎಳೆಯುವವಳು ಇವಳು. ಐವತ್ತೆರಡು ವರ್ಷವಾದರೂ ತನ್ನ ಕೈಯಿಂದ ಒಂದು ಈಡೂ ಹಾರಿಸಿದವಳಲ್ಲ.

ಕ್ಲಬ್ಬಿನ ಸಾಲಿನಲ್ಲಿ ಏಳನೆಯ ಕೋವಿ ಎಲ್ಲಕ್ಕಿಂತ ಅಗ್ಗದ್ದು. ಹಿಡಿ ಪ್ಲಾಸ್ಟಿಕ್ಕಿನದು. ಒಮ್ಮೆಗೆ ಒಂದೇ ತೋಟೆ, ಅಂದರೆ ಒಂದೇ ಕಾಡತೂಸು. ನಡು ಮಡಚಿ ತೋಟೆ ಹಾಕಬೇಕು, ಹೊಡೆಯಬೇಕು, ಮತ್ತೆ ಮಡಚಿ ಖಾಲಿ ತೋಟೆ ತೆಗೆಯಬೇಕು. ಅದರ ಬೆನ್ನ ಮೇಲಿನ ದುರ್ಬೀನಿಗೇ ಕೋವಿಗಿಂತ ಹೆಚ್ಚು ಕ್ರಯವೆಂದು ಸದಸ್ಯರು ನಗುತ್ತಿದ್ದರು. ಆದರೆ ಹೋದ ವರ್ಷ ಅದು ಬಂದ ದಿನ ಅಬು ಯೂಸಿಫ್ ತಾನೇ ಹೊಡೆದು ನೋಡಿದ್ದ. ಐವತ್ತು ಮೀಟರ್ ದೂರದಲ್ಲಿ ಐದು ತೂತು, ಐದೂ ಒಂದನ್ನೊಂದು ತಬ್ಬಿಕೊಂಡಂತೆ. ಆ ಕಾಗದವನ್ನು ಅವನು ಕಚೇರಿಯ ಗೋಡೆಗೆ ಅಂಟಿಸಿದ್ದ. ಹೊಸದಾಗಿ ಕಲಿಯುವವರಿಗಾಗಿ ಅಂಥದ್ದೇ ಇನ್ನೂ ಆರು ತರಿಸುವ ಮಾತು ನಡೆದಿತ್ತು.

ಮೂರು ವಾರಗಳಿಂದ ಆ ಕೋವಿ ಕೆಟ್ಟಿತ್ತು. ಹೊಸಬರಿಗೆಂದೇ ಇಟ್ಟ ಕೋವಿಯಲ್ಲವೇ ಎಂದು ಕ್ಲಬ್ಬಿನ ಕಮಿಟಿ ಅದನ್ನು ಪರೀಕ್ಷಿಸಲು ಒಪ್ಪಿಸಿದ್ದು ಹೊಸ ಸದಸ್ಯ ನವನೀತನಿಗೆ. ಬೆಂಗಳೂರಿನವನು, ಬ್ಯಾಂಕಿನಲ್ಲಿ ಕೆಲಸ. ಕೋವಿ ಹಿಡಿದು ಎರಡು ತಿಂಗಳಾಗಿರಲಿಲ್ಲ, ಓದಿಕೊಂಡದ್ದು ಮಾತ್ರ ಬೇಕಾದಷ್ಟು. ಅವನು ಹೊಡೆದ ಈಡುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚದುರಿದವು.

"ಇದು ಮ್ಯಾಗ್ನಮ್ ಸರ್, ಮಾಮೂಲಿ ಇಪ್ಪತ್ತೆರಡು ಬೋರಿಗಿಂತ ಪವರ್ ಜಾಸ್ತಿ, ಗುರಿ ಹಿಂಗೆಲ್ಲಾ ಹೋಗ್ಬಾರ್ದು," ಅಂದ ನವನೀತ. "ಬ್ಯಾರೆಲ್ಲೇ ಹಾಳಾಗಿರ್ಬೇಕು. ಚೀಪ್ ಅಂದ್ರೆ ಇಷ್ಟೇ."

ಅಬು ಯೂಸಿಫ್ ಗೋಡೆಯ ಕಾಗದ ನೋಡಿದ, ಕೈಯಲ್ಲಿದ್ದ ಕಾಗದ ನೋಡಿದ, ಆಮೇಲೆ ಬಾಗಿಲ ಬಳಿ ಮಾಪ್ ಹಿಡಿದು ನಿಂತಿದ್ದ ವಾಯೊಲೆಟಳನ್ನು ನೋಡಿದ. ಎರಡು ವಾರದ ಹಿಂದೆ ಹಿತ್ತಾಳೆ ಬ್ರಷ್ಷಿನಿಂದ ಅವಳು ಅದೇ ಕೋವಿಯನ್ನು ಉಜ್ಜುತ್ತಿದ್ದದ್ದು ಅವನಿಗೆ ನೆನಪಾಗಿತ್ತು.

"ಸಿಸ್ಟರ್, ಇದು ಮಜ್‌ಬೂಸ್ ಅನ್ನ ತಳ ಹಿಡಿದ ಪಾತ್ರೆಯಾ?" ಎಂದ ತನ್ನ ಅರಬ್ಬಿ ಹಿಂದಿಯಲ್ಲಿ. "ಉಜ್ಜಿ ಉಜ್ಜಿ ನಳಿಗೆ ತಿಂದುಬಿಟ್ಟಿದ್ದೀರಿ. ಶನಿವಾರ ಕೊನೆಯ ಸಲ ಹೊಡೆದು ನೋಡುವುದು. ಆಗಲೂ ಹೀಗೇ ಆದರೆ, ಖಲಾಸ್. ನಿಮ್ಮ ವೀಸಾ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ."

ವೀಸಾ ಮುಗಿಯಲು ಹತ್ತೊಂಬತ್ತು ದಿನ ಬಾಕಿ ಇತ್ತು.

ಅವಳು ಉಜ್ಜಿದ್ದು ಸುಳ್ಳಲ್ಲ. ತೋಟೆ ಕೂರುವ ಗೂಡಿನೊಳಗೆ, ನಡುಮಧ್ಯದಲ್ಲಿ, ಹಾಲು ಕಾಯಿಸಿದ ಪಾತ್ರೆಯ ಅಂಚಿನಂತೆ ಒಂದು ಕರಿ ಬಳೆ ಕಟ್ಟುತ್ತಿತ್ತು. ಇಂದು ತೆಗೆದರೆ ಮರುವಾರ ಮತ್ತೆ. ಹಿಂದೆ ಒಂದು ವರ್ಷ ಕಾಣದ ಕರಕು ಈಗ ಎಲ್ಲಿಂದ ಬಂತು? ಯಾರೋ ಏನೋ ಮಾಡುತ್ತಿದ್ದಾರೆ ಎಂದು ಅವಳಿಗೆ ಗುಮಾನಿ ಹತ್ತಿತು. ಮೊದಲು ಸಂಶಯ ಬಂದದ್ದು ನವನೀತನ ಮೇಲೆ. ದುರ್ಬೀನಿನ ತಿರುಪು ತಿರುಗಿಸುತ್ತಾನೋ ಎಂದು ಕಿಟಕಿ ಒರೆಸುವ ನೆಪದಲ್ಲಿ ಅರ್ಧ ಗಂಟೆ ನೋಡಿದಳು. ಪಾಪ, ಅವನು ಕೋವಿಯನ್ನು ಹಸುಗೂಸಿನ ಹಾಗೆ ಹಿಡಿದಿದ್ದ.

ಗುರುವಾರ ಮಧ್ಯಾಹ್ನ ಏಳನೆಯ ಬೆಂಚಿನ ಕೆಳಗೆ ಗುಡಿಸುವಾಗ ಪೊರಕೆ ನಿಂತಿತು. ಈ ಕೋವಿಯ ಖಾಲಿ ತೋಟೆ ಬೆರಳ ಒಂದು ಗಂಟಿಗಿಂತ ಉದ್ದವಿರುವುದು ಅವಳಿಗೆ ಗೊತ್ತು. ಹೋದ ವರ್ಷ ಗುಡಿಸಿದ್ದಳಲ್ಲ; ಈಚೆಗೆ ಪಕ್ಕದ ಬೆಂಚಿನವುಗಳ ಜೊತೆ ಬೆರೆತು ಬೀಳುತ್ತಿದ್ದದ್ದರಿಂದ ದಿಟ್ಟಿಸಿರಲಿಲ್ಲ. ಇಲ್ಲಿ ಬಿದ್ದವು ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಹೊಟ್ಟೆ ಉಬ್ಬಿದ್ದವು, ಕೆಲವು ಪಕ್ಕದಲ್ಲಿ ಉದ್ದಕ್ಕೆ ಸೀಳಿದ್ದವು, ಮಸಾಲೆ ತುಂಬಲು ಸೀಳಿದ ತೊಂಡೆಕಾಯಿಯಂತೆ. ಒಂದನ್ನು ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿದಳು. ಖಾಲಿ ತೋಟೆಯನ್ನೂ ಗೇಟಿನ ಹೊರಗೆ ಒಯ್ಯುವಂತಿಲ್ಲ. ಸಂಜೆ ಏಪ್ರನ್ ಬಿಚ್ಚಿ ತನ್ನ ಲಾಕರಿನಲ್ಲೇ ಬಿಟ್ಟಳು.

ಗಿಡ್ಡ ತೋಟೆ ಪಕ್ಕದ ಕೋವಿಗಳದ್ದು, ಮಾಮೂಲಿ ಇಪ್ಪತ್ತೆರಡರದ್ದು. ಅದು ಇಲ್ಲಿಗೆ ಹೇಗೆ ಬಂತು? ಕ್ಲಬ್ಬಿನಲ್ಲಿ ತೋಟೆ ಸಿಗುವುದು ಒಂದೇ ಕಿಟಕಿಯಲ್ಲಿ. ಆ ಕಿಟಕಿಯಲ್ಲಿ ಕೂರುವವನು ಒಬ್ಬನೇ. ಅವನು ಅವಳ ಗಂಡ ಸಿಲ್ವೆಸ್ಟರ್.

ಉಮ್ ಅಲ್ ಹಸ್ಸಮ್ ಬಡಾವಣೆಯ ಮನೆಗೆ ಹೋಗುವಾಗ ಕಾರಿನಲ್ಲಿ ಅವಳು ತೋಟೆಯ ಸುದ್ದಿ ಎತ್ತಲಿಲ್ಲ. ಸಿಲ್ವೆಸ್ಟರನೇ ಮಾತಾಡಿದ.

"ಹೋದರೆ ಹೋಗಲಿ ಮಾರಾಯ್ತಿ ಆ ಕೆಲಸ. ನನ್ನ ವೀಸಾದಲ್ಲಿ ಹಾಕಿಸ್ತೇನೆ. ಮನೆಯಲ್ಲಿ ಆರಾಮ ಇರು. ನನಗೂ ಮಧ್ಯಾಹ್ನ ಬಿಸಿ ಊಟ ಆಯ್ತು."

"ರೋಶೆಲಳ ನರ್ಸಿಂಗ್ ಇನ್ನೂ ಎರಡು ವರ್ಷ ಉಂಟಲ್ಲ?" ಮಗಳ ಫೀಸು ಹೋಗುತ್ತಿದ್ದದ್ದು ಅವಳ ಸಂಬಳದಿಂದ.

"ನೋಡುವ. ಹೇಗಾದ್ರೂ ಆಗ್ತದೆ."

ಹೇಗಾದರೂ ಆಗುವುದೆಲ್ಲ ತನ್ನ ಕೈಯಿಂದಲೇ ಆಗುವುದೆಂದು ಅವಳಿಗೆ ಗೊತ್ತಿತ್ತು. ಇಷ್ಟು ಬೇಗ ಬಿಸಿ ಊಟದ ಲೆಕ್ಕ ಹಾಕಿದನಲ್ಲ ಎಂದು ಮತ್ತೊಂದು ಗುಮಾನಿ ಹುಟ್ಟಿತು. ಬೇಕೆಂದೇ ಮಾಡಿದನಾ? ಇಪ್ಪತ್ತಾರು ವರ್ಷ ಒಂದೇ ಮಂಚದಲ್ಲಿ ಮಲಗಿದವನ ಮುಖವನ್ನು ಸಿಗ್ನಲ್ಲಿನ ಕೆಂಪು ಬೆಳಕಿನಲ್ಲಿ ಓರೆಗಣ್ಣಿಂದ ನೋಡಿದಳು. ಏನೂ ತಿಳಿಯಲಿಲ್ಲ. ಅವನು ಹಸಿದವನಂತೆ ಕಾಣುತ್ತಿದ್ದ, ಅಷ್ಟೇ.

ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಬಂದು, ಬಂಗುಡೆ ಸಾರಿನಲ್ಲಿ ಊಟವಾಯಿತು. ವಾಯೊಲೆಟ್ ಪಾತ್ರೆ ತೊಳೆಯುತ್ತಿದ್ದಳು. ಸಿಲ್ವೆಸ್ಟರ್ ಫ್ರಿಜ್ಜಿನಿಂದ ಐಸ್‌ಕ್ರೀಮಿನ ಡಬ್ಬ ತೆಗೆದು, ಚಮಚ ಹಿಡಿದು, ಮುಚ್ಚಳ ಬಿಚ್ಚಿದ. ಒಳಗೆ ಅರೆದ ಮಸಾಲೆ ಇತ್ತು.

"ಏ ವಾಯೊಲೆಟ್! ಇದೆಂತ ಅವಸ್ಥೆ? ಹೊರಗೆ ಬಟರ್‌ಸ್ಕಾಚ್ ಅಂತ ಬರೆದುಂಟು, ಒಳಗೆ ಮೀನಿನ ಮಸಾಲೆ. ಇಂಥದ್ದೊಂದು ಬೇರೆ ಯಾರ ಮನೆಯಲ್ಲಾದರೂ ಉಂಟಾ?"

"ಎಲ್ಲರ ಮನೆಯಲ್ಲೂ ಉಂಟು. ಗಟ್ಟಿ ಡಬ್ಬ, ಬಿಸಾಡ್ಲಿಕ್ಕೆ ಮನಸ್ಸು ಬರುದಿಲ್ಲ..."

ಮಾತು ಅರ್ಧದಲ್ಲಿ ನಿಂತಿತು. ಸೋಪಿನ ಕೈಯಲ್ಲೇ ಅವಳು ತಿರುಗಿದಳು. ಉದ್ದ ತೋಟೆಗಳು ಬರುವುದು ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ, ಗಿಡ್ಡವು ತೆಳು ರಟ್ಟಿನ ಪೆಟ್ಟಿಗೆಯಲ್ಲಿ. ಎರಡನ್ನೂ ಅವಳು ಕಸದಲ್ಲಿ ಕಂಡವಳು. ಈಚೆಗೆ ಕಸದ ಬುಟ್ಟಿಗೆ ಪ್ಲಾಸ್ಟಿಕ್ ಡಬ್ಬಿ ಬಿದ್ದದ್ದೇ ಇಲ್ಲ.

"ನಿಮ್ಮ ಕಿಟಕಿಯಲ್ಲಿ ಖಾಲಿಯಾದ ಪ್ಲಾಸ್ಟಿಕ್ ಡಬ್ಬಿ ಎಂತ ಮಾಡ್ತೀರಿ?"

ಸಿಲ್ವೆಸ್ಟರನ ಚಮಚ ಗಾಳಿಯಲ್ಲೇ ನಿಂತಿತು. "ಯಾವ ಡಬ್ಬಿ?"

"ಮ್ಯಾಗ್ನಮ್ ಅಂತ ಬರೆದದ್ದು."

ಅವನು ಕುರ್ಚಿ ಎಳೆದು ಕೂತ. ಏಸಿಯ ನೀರು ಸೋರಿ ರಟ್ಟಿನ ಪೆಟ್ಟಿಗೆಗಳು ಒದ್ದೆಯಾಗಿದ್ದವಂತೆ. ಕೈಗೆ ಸಿಕ್ಕಿದ ಡಬ್ಬಿಗಳಿಗೆ ಗಿಡ್ಡ ತೋಟೆ ಸುರಿದು, ಅದೇ ಅಲಮಾರಿಯಲ್ಲಿ ಇಟ್ಟನಂತೆ. ಕಿಟಕಿಗೆ ಬಂದವರು ಹಿಂದಿಯಲ್ಲಿ 'ಬಾಯೀಸ್' ಅನ್ನುತ್ತಾರೆ, ಇಪ್ಪತ್ತೆರಡು ಎಂದು. ಉದ್ದದ್ದೂ ಬಾಯೀಸೇ, ಗಿಡ್ಡದ್ದೂ ಬಾಯೀಸೇ. ನವನೀತ ಮಾತ್ರ ಮ್ಯಾಗ್ನಮ್ ಅಂದ. ಇವನು ಡಬ್ಬಿಯ ಮೇಲಿನ ಹೆಸರು ಓದಿ ಕೊಟ್ಟ. ಉದ್ದದ್ದನ್ನು ಕಣ್ಣಾರೆ ಕಂಡಿರದ ನವನೀತನೂ ಡಬ್ಬಿಯನ್ನೇ ನಂಬಿದ.

"ಯಾವಾಗ ಗೊತ್ತಾಯ್ತು ನಿಮಗೆ?"

"ಸೋಮವಾರ. ಡಬ್ಬಿ ಎಣಿಸುವಾಗ ಕಂಡಿತು."

"ಅವರು ನನ್ನನ್ನು ಬೈದದ್ದು ಬುಧವಾರ. ನೀವು ಕಿಟಕಿಯಲ್ಲೇ ಇದ್ದಿರಿ."

"ನಂದು ಜವಾಬ್ದಾರಿಯ ಕೆಲಸ, ವಾಯೊಲೆಟ್. ತೋಟೆಯ ತಪ್ಪು ಅಂದ್ರೆ ದೊಡ್ಡ ಗಲಾಟೆ. ನಿಂದು ಹೋದ್ರೆ ಮನೆಯಲ್ಲಿ ಇರಬಹುದು."

"ಈಗ ನಾನು ಮನೆಯಲ್ಲಿ ಇಲ್ಲವಾ? ಬೆಳಿಗ್ಗೆ ನಾಲ್ಕೂವರೆಗೆ ಎರಡು ಬುತ್ತಿ ಕಟ್ಟುದು ಯಾರು, ದೇವದೂತರಾ? ನೀವು ನಾಳೆ ಹೇಳ್ತೀರಾ, ಇಲ್ಲವಾ?"

"ನೋಡುವ," ಅಂದ ಸಿಲ್ವೆಸ್ಟರ್. ಆ ಮಾತಿನ ಅರ್ಥ ಅವಳಿಗೆ ಮದುವೆಯ ಮೊದಲ ವರ್ಷವೇ ತಿಳಿದಿತ್ತು. ತೊಳೆದ ಪಾತ್ರೆಗಳನ್ನು ಅಂದು ಅವಳು ಸ್ವಲ್ಪ ಸದ್ದು ಮಾಡಿಯೇ ಬೋರಲು ಹಾಕಿದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಬು ಯೂಸಿಫ್ ಏಳನೆಯ ಬೆಂಚಿಗೆ ಬಂದ. ನವನೀತ ಐದು ಈಡು ಹೊಡೆದ. ಐದೂ ಐದು ದಿಕ್ಕಿಗೆ. ಸಿಲ್ವೆಸ್ಟರ್ ಕಿಟಕಿಯೊಳಗೆ ರಿಜಿಸ್ಟರಿಗೆ ಮುಖ ಕೊಟ್ಟು ಕೂತಿದ್ದ. ವಾಯೊಲೆಟ್ ಸ್ವಲ್ಪ ಹೊತ್ತು ಕಾದಳು. ರಿಜಿಸ್ಟರಿನ ಹಾಳೆ ಒಂದು ಮಗುಚಿತು, ತಲೆ ಮೇಲೇಳಲಿಲ್ಲ. ಆಗ ಅವಳು ಕಸ ಎತ್ತುವ ಮೊರ ತಂದು ಬೆಂಚಿನ ಕೆಳಗೆ ಗುಡಿಸಿ, ಬಿದ್ದದ್ದನ್ನು ಸೀದಾ ಮೇಜಿನ ಮೇಲೆ, ಕಾಗದದ ಪಕ್ಕ ಸುರಿದಳು. ಗುರುವಾರ ಎತ್ತಿಟ್ಟದ್ದನ್ನೂ ಜೇಬಿನಿಂದ ತೆಗೆದು ಸೇರಿಸಿದಳು.

"ಆಂಟಿ, ಏನಿದು?" ಅಂದ ನವನೀತ.

"ಸೀಳಿದೆ, ನೋಡಿ. ಇದು ಈ ಕೋವಿಯ ತೋಟೆ ಅಲ್ಲ. ಗಿಡ್ಡದ್ದು. ಗೂಡಿನಲ್ಲಿ ಸಡಿಲ ಕೂತುಕೊಳ್ತದೆ, ಹಾಗಾಗಿ ಒಡೀತದೆ. ಅದರ ಕರಕನ್ನೇ ನಾನು ಉಜ್ಜಿದ್ದು."

ಅಬು ಯೂಸಿಫ್ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಸೀಳಿಗೆ ಉಗುರು ತಾಗಿಸಿ ನೋಡಿದ. "ಹಿಂದಕ್ಕೆ ಸಿಡಿದು ಇವನ ಕಣ್ಣು ಹೋಗಿದ್ದರೆ?" ನವನೀತ ತನಗೇ ತಿಳಿಯದೆ ಕನ್ನಡಕ ಮುಟ್ಟಿಕೊಂಡ.

ವಾಯೊಲೆಟ್ ಕಿಟಕಿಗೆ ಹೋದಳು. "ಡಬ್ಬಿಯ ಮೇಲೆ ಬರೆದದ್ದು ನೋಡಬೇಡಿ," ಅಂದಳು ಗಂಡನಿಗೆ. "ತೋಟೆ ನೋಡಿ ಕೊಡಿ. ಉದ್ದದ್ದು, ಐದು."

ಅವನು ಮೂರು ಡಬ್ಬಿ ಬಿಚ್ಚಿದ. ಮೂರನೆಯದರಲ್ಲಿ ಉದ್ದದ್ದು ಸಿಕ್ಕಿತು. ಆದರೆ ಅವಳು ಹೊಡೆಯಲು ಬಿಡಲಿಲ್ಲ. ಮೊದಲು ಕೋವಿಯ ನಡು ಮಡಚಿ, ಬ್ರಷ್ಷಿನಿಂದ ಗೂಡಿನ ಕರಿ ಬಳೆಯನ್ನು ಬಿಡಿಸಿ, ನಳಿಗೆಗೆ ಎರಡು ಸಲ ಬಟ್ಟೆ ಎಳೆದು, ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದಳು. ಹತ್ತು ನಿಮಿಷ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಅವಳ ಕೆಲಸವನ್ನು ಮೂವರು ಗಂಡಸರು ನಿಂತು ನೋಡಿದ್ದು ಅದೇ ಮೊದಲು.

ನವನೀತ ಹೊಡೆದ. ಐದು ತೂತುಗಳ ಮೇಲೆ ಅಬು ಯೂಸಿಫ್ ನೂರು ಫಿಲ್ಸಿನ ನಾಣ್ಯ ಇಟ್ಟ. ನಾಣ್ಯದ ಹೊರಗೆ ಏನೂ ಕಾಣಲಿಲ್ಲ.

"ಈ ಬೆಲೆಗೆ ಇಂಥ ಗುರಿಯಾ!" ಅಂದ ನವನೀತ. ವಾಯೊಲೆಟಳ ಕಡೆ ನೋಡಿ ಕಿವಿ ಕೆಂಪಗೆ ಮಾಡಿಕೊಂಡ. "ಸಾರಿ ಆಂಟಿ. ನಾನೂ ಬ್ಯಾರೆಲ್ ಹಾಳಾಗಿದೆ ಅಂದ್ಬಿಟ್ಟೆ."

"ಡಬ್ಬಿಗಳಿಗೆ ತುಂಬಿದ್ದು ಯಾರು?" ಅಬು ಯೂಸಿಫ್ ಕೇಳಿದ.

ಸಿಲ್ವೆಸ್ಟರ್ ಹೆಂಡತಿಯನ್ನು ನೋಡಿದ. ಸಾರಿಗೆ ಉಪ್ಪು ಸಾಲದಾಗ, ಒಗೆದ ಶರ್ಟು ಸಿಗದಾಗ, ನೆಂಟರೆದುರು ಮಾತು ತಪ್ಪಿದಾಗ ನೋಡುವ ಅದೇ ನೋಟ. ಅಂಥ ಹೊತ್ತಿನಲ್ಲೆಲ್ಲ ಅವನ ಪರವಾಗಿ ಏನಾದರೊಂದು ಹೇಳಿ ಸುಧಾರಿಸುವುದು ಅವಳ ರೂಢಿ. ಅಂದು ಅವಳು ಬ್ರಷ್ಷಿನ ಎಳೆಗಳಿಂದ ಮಸಿ ಬಿಡಿಸುತ್ತ ನಿಂತಳು.

"ನಾನು, ಸರ್," ಅಂದ ಸಿಲ್ವೆಸ್ಟರ್, ಬಿಚ್ಚಿದ ಡಬ್ಬಿಗಳನ್ನು ಮುಚ್ಚುತ್ತ.

ಅವನಿಗೆ ಎಚ್ಚರಿಕೆಯ ಕಾಗದ ಸಿಕ್ಕಿತು, ಕೆಲಸ ಉಳಿಯಿತು. ವಾಯೊಲೆಟಳ ವೀಸಾ ಕಾಗದಕ್ಕೆ ಅಬು ಯೂಸಿಫ್ ಅಲ್ಲೇ ಸಹಿ ಹಾಕಿದ. ಪೆನ್ನು ಮುಚ್ಚುತ್ತ, "ಸಿಸ್ಟರ್, ಇನ್ನು ಮೇಲೆ ಡಬ್ಬಿಗಳಿಗೆ ಚೀಟಿ ಅಂಟಿಸುವುದೂ ನೀವೇ ನೋಡಿಕೊಳ್ಳಿ. ನಿಮ್ಮ ಕಣ್ಣು ಚೆನ್ನಾಗಿದೆ," ಅಂದ.

ಅವಳು ಕಾಗದವನ್ನು ಎರಡು ಸಲ ಓದಿದಳು. ಹುದ್ದೆಯ ಎದುರು ಇನ್ನೂ ಕ್ಲೀನರ್ ಎಂದೇ ಇತ್ತು.

"ಇದರಲ್ಲಿ ಅದು ಬರೆದಿಲ್ಲ, ಸರ್. ಕೋವಿ ಒರೆಸುವುದೂ ಬರೆದಿಲ್ಲ. ಎರಡನ್ನೂ ಬರೆಸಿ, ಮಾಡ್ತೇನೆ. ಅಲ್ಲಿವರೆಗೆ ಡಬ್ಬಿ ತುಂಬಿದವರೇ ಚೀಟಿ ಅಂಟಿಸಲಿ."

ಅಬು ಯೂಸಿಫ್ ನಕ್ಕ. ನೋಡೋಣ ಎಂಬಂತೆ ಕೈ ಆಡಿಸಿದ. ಅವಳು ನಗಲಿಲ್ಲ; ಕಾಗದ ಮಡಚಿ ಬ್ಯಾಗಿನೊಳಗೆ ಇಟ್ಟು, ಜಿಪ್ಪು ಎಳೆದು, ಎಳೆದದ್ದು ಸರಿಯಾಗಿದೆಯೇ ಎಂದು ಮತ್ತೊಮ್ಮೆ ಎಳೆದು ನೋಡಿದಳು.

ಭಾನುವಾರ ಬೆಳಿಗ್ಗೆ ಅವಳು ಎದ್ದು ಬರುವಾಗ ಸಿಲ್ವೆಸ್ಟರ್ ಅಡುಗೆಮನೆಯಲ್ಲಿದ್ದ. ಮೇಜಿನ ಮೇಲೆ ಚಹಾ ಇತ್ತು, ಎರಡು ಲೋಟ. ಇಪ್ಪತ್ತಾರು ವರ್ಷಗಳಲ್ಲಿ ಆಗದ್ದು. ಅವಳು ಲೋಟ ಮುಟ್ಟಲಿಲ್ಲ. ಮೊದಲು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು, ಬೆರಳು ಅದ್ದಿ, ನಾಲಗೆಗೆ ಹಚ್ಚಿ ನೋಡಿದಳು.

"ಸಕ್ಕರೆಯೇ ಮಾರಾಯ್ತಿ," ಅಂದ ಅವನು.

"ಹೌದು," ಅಂದಳು ವಾಯೊಲೆಟ್. ಆಮೇಲೆ ಪಕ್ಕದ ಡಬ್ಬಿಯ ಮುಚ್ಚಳವನ್ನೂ ತೆಗೆದಳು.