ಜಯಲಕ್ಷ್ಮೀ ಬೇಡ ಅಂದದ್ದು

ಪುರಸೈವಾಕ್ಕಂನಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಜಯಲಕ್ಷ್ಮೀದು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಾಳೆ. ಯಾರಿಗೂ ಆಗಲ್ಲ ಅಂದವಳಲ್ಲ. ಪಕ್ಕದವರು ಗ್ಯಾಸ್ ಸಿಲಿಂಡರ್ ಕೇಳಿದರೆ ಒಲೆ ಮೇಲಿನ ಸಾರು ಇಳಿಸಿಯಾದರೂ ಕೊಡುತ್ತಾಳೆ. ಆಮೇಲೆ ನಮ್ಮನೆಗೆ ಬಂದು ಆ ಸಾರು ಕುದಿಸಿಕೊಂಡು ಹೋಗುತ್ತಾಳೆ.

ಅವಳ ಮೇಲಿನ ಮಹಡಿಯಲ್ಲಿ ಅನ್ವಿತಾ ಅಂತ ಒಂದು ಹುಡುಗಿ. ಅಪ್ಪ ಅಮ್ಮ ಇಬ್ಬರೂ ಬ್ಯಾಂಕಿನವರು, ಮಂಡ್ಯ ಕಡೆಯವರು. ಸ್ಕೂಲಿಂದ ಬಂದರೆ ಜಯಾಳ ಅಡುಗೆಮನೆಯಲ್ಲೇ ಬೆಳೆದದ್ದು. ಇಲ್ಲಿನ ತಮಿಳಿನ ಅಭ್ಯಾಸ, ಅಜ್ಜಿ ಅನ್ನದೆ ಪಾಟಿ ಅಂತಾಳೆ. ಈಗ ಕಾಲೇಜಿನಲ್ಲಿ ದೊಡ್ಡ ಓದು. ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಮಾತಾಡಿಸಿ ಬರೆಯಬೇಕಂತೆ. ಜಯಾಳ ಒಬ್ಬನೇ ಮಗ ಅಜಿತ್ ರಾಯಪುರಂ ಕಡಲಿಗೆ ಇಳಿದವನು ಮನೆಗೆ ಬರಲಿಲ್ಲ. ಅದಾಗಿ ಎಷ್ಟೋ ವರ್ಷ ಆಯಿತು. ಹುಡುಗಿ, "ಪಾಟಿ, ನಿಮ್ಮನ್ನೂ ಕೇಳಲಾ?" ಅಂದಳು. ಇವಳು ಅದಕ್ಕೇನು, ಕೇಳು ಅಂದುಬಿಟ್ಟಳು.

ಅವತ್ತಿಂದ ಜಯಾಳ ಕಾಲು ಒಂದು ಕಡೆ ನಿಲ್ಲಲಿಲ್ಲ. ಒರೆಸಿದ ನೆಲವನ್ನೇ ಒರೆಸೋಳು. ಅಂಗಡಿ ಬೀದಿಗೆ ಹೋಗಿ ಸ್ಟೀಲ್ ಡಬ್ಬ ತರೋಳು, ಮುಚ್ಚಳ ಸಡಿಲ ಅಂತ ಮಾರನೇ ದಿನ ವಾಪಸ್ ಕೊಡೋಳು. ನನ್ನ ಹತ್ತಿರ ಬಂದು ಕೂತು, ಏನೋ ಹೇಳೋಕೆ ಬಾಯಿ ತೆರೆದು, ಹಾಲಿಟ್ಟಿದ್ದೀನಿ ಅಂತ ಎದ್ದುಹೋಗೋಳು. ನಾನೂ ಕೆದಕಲಿಲ್ಲ.

ಅಷ್ಟರಲ್ಲಿ ಅನ್ವಿತಾನೇ ಮುಖ ಸಣ್ಣ ಮಾಡಿಕೊಂಡು ನಮ್ಮನೆಗೆ ಬಂದಳು. ಜನರನ್ನು ಕೇಳಿ ಮಾಡೋ ಓದನ್ನೆಲ್ಲ ಮೊದಲೇ ನೋಡೋಕೆ ಕಾಲೇಜಿನಲ್ಲಿ ಎಥಿಕ್ಸ್ ಕಮಿಟಿ ಅಂತ ಇದೆಯಂತೆ. ಕೇಳೋದರಿಂದ ಯಾರಿಗೂ ನೋವಾಗಬಾರದು, ಮನಸ್ಸಿಲ್ಲದೆ ಯಾರೂ ಒಪ್ಪಬಾರದು ಅಂತ ಅವರು ನೋಡುತ್ತಾರಂತೆ. ಅನ್ನ ಹಾಕಿ ಬೆಳೆಸಿದವರು ನಿನ್ನ ಎದುರಿಗೆ ಹೇಗಮ್ಮ ಬೇಡ ಅಂತಾರೆ, ನೀನಿಲ್ಲದಾಗ ಬೇರೆ ಯಾರಾದರೂ ಕೇಳಲಿ ಅಂದರಂತೆ. "ಪಾಟಿ ಸಂತೋಷವಾಗೇ ಸರಿ ಅಂದ್ರು. ನೀವೇ ಒಂದ್ಸಲ ಕೇಳಿ" ಅಂದಳು.

ಹೋದೆ. ಜಯಾ ಕೀರೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ವಿಷಯ ಹೇಳಿದೆ. ಬೇಡ ಅಂದರೆ ಹುಡುಗಿಯ ಓದೇನೂ ನಿಲ್ಲಲ್ಲ ಅಂತಲೂ ಹೇಳಿದೆ. ಆಗಲಿ ಅಂದಿದ್ದೀನಲ್ಲ, ಅಂದಳು. ಎಲೆಯನ್ನೆಲ್ಲ ಕಸಕ್ಕೆ ಹಾಕಿ ದಂಟನ್ನು ಪಾತ್ರೆಗೆ ಹಾಕುತ್ತಿದ್ದಳು. ಕಟ್ಟು ಪೂರ್ತಿ ಮುಗಿಯಿತು.

"ಬೇಡ ಅಂದರೆ ಅವಳು ಇನ್ನು ಕೆಳಗೆ ಬರ್ತಾಳಾ, ಜಲಜಕ್ಕ?"

ನನಗೇನು ಗೊತ್ತು? ಗೊತ್ತಿಲ್ಲ ಅಂದೆ. ಬೇಕಾದರೆ ನಾನೇ ಅವಳಿಗೆ ಹೇಳುತ್ತೇನೆ ಅಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತಾನೇ ಮಹಡಿ ಹತ್ತಿದಳು. ಹಿಂದೆ ನಾನು. ಬಾಗಿಲು ತೆಗೆದ ಹುಡುಗಿಗೆ, "ಅಜಿತನ ಮಾತು ನನ್ನ ಕೈಲಿ ಆಗಲ್ಲ ಕಣೇ" ಅಂದಳು. ಹುಡುಗಿ ಸರಿ ಪಾಟಿ, ಅಂತ ಬಾಗಿಲು ಹಾಕಿಕೊಂಡಳು.

ಮಾರನೇ ದಿನವೆಲ್ಲ ಮೆಟ್ಟಿಲ ಮೇಲೆ ಸದ್ದಾದರೆ ಸಾಕು, ಜಯಾ ಎದ್ದು ಬಾಗಿಲಿಗೆ ಹೋಗೋಳು. ಕೊರಿಯರಿನವನಿಗೂ ಎದ್ದಳು, ಬೆಕ್ಕಿಗೂ ಎದ್ದಳು. ಸಂಜೆ ಕಳೆದ ಮೇಲೆ ಅನ್ವಿತಾ ಬಂದು, ತಾನೇ ತಟ್ಟೆ ತೆಗೆದುಕೊಂಡು ಕೂತಳು. ನಿನ್ನ ಓದು ಏನಾಗುತ್ತೆ ಅಂತ ಜಯಾ ಹೆದರುತ್ತಲೇ ಕೇಳಿದಳು. ಬೇರೆ ಪಾಟಿಗಳನ್ನ ಕೇಳ್ತೀನಿ, ಅಂದಳು ಹುಡುಗಿ.

ಅನ್ನ ಬಡಿಸುತ್ತಿದ್ದ ಜಯಾಳ ಕೈ ನಿಂತಿತು.

"ಅವರ ಮನೆಗೂ ನೀನೇ ಹೋಗಬೇಡ. ಮೊದಲು ಬೇರೆ ಯಾರನ್ನಾದರೂ ಕಳಿಸು."