ಮನೆಯವರಿಗೆ ಮೊಂಡು ಸೂಜಿ

ನಮ್ಮ ಕಡೆಯ ಜನ ನನ್ನ ಹೆಂಡತಿಯನ್ನು ಬಹಳ ವರ್ಷ ‘ಇರುವೆಯಕ್ಕ’ ಎಂದು ಕರೆದರು. ಆ ಹೆಸರು ಅಂಟಿಸಿದವನು ನಾನು. ಅದು ಹೇಗೆ ಬಂತು ಎಂಬುದನ್ನು ಇಷ್ಟು ತಡವಾಗಿಯಾದರೂ ಹೇಳಿಬಿಡಬೇಕು.

ಊರಿನಲ್ಲಿ ಹೈಸ್ಕೂಲು ಮುಗಿಸಿ ಬಂದವನು ಮೊದಲು ಮುಂಬೈ ಪಕ್ಕದ ಠಾಣೆಯ ಒಂದು ಹೋಟೆಲಿನಲ್ಲಿದ್ದೆ. ಎಪ್ಪತ್ತರ ದಶಕದ ಕೊನೆಗೆ ಡೊಂಬಿವಲಿಯಲ್ಲಿ ಒಬ್ಬ ಮರಾಠಿ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕೆ ಸೇರಿದೆ. ದವಾಖಾನೆ ಇದ್ದದ್ದು ಮಿಠಾಯಿ ಅಂಗಡಿಯ ಮೇಲಿನ ಖೋಲಿಯಲ್ಲಿ. ಕೆಳಗೆ ಹಲ್ಲು ಕೆಡಿಸುತ್ತಾರೆ, ಮೇಲೆ ಕೀಳುತ್ತಾರೆ ಎಂದು ಜನ ನಗುತ್ತಿದ್ದರು.

ಸಿರಿಂಜು, ಸೂಜಿಗಳನ್ನು ಕುದಿಸುವುದು, ಮರಗಟ್ಟಿಸುವ ಔಷಧದ ಬಾಟಲಿಯನ್ನು ಫ್ರಿಜ್ಜಿನಿಂದ ತಂದುಕೊಡುವುದು, ಪೇಶಂಟ್ ಅಲುಗಾಡದಂತೆ ತಲೆ ಹಿಡಿಯುವುದು ನನ್ನ ಕೆಲಸ. ಆಗ ನಮ್ಮಲ್ಲಿ ಸೂಜಿಯನ್ನು ಒಂದೇ ಸಲಕ್ಕೆ ಎಸೆಯುತ್ತಿರಲಿಲ್ಲ. ಕುದಿಸಿ ಮತ್ತೆ ಬಳಸುವುದು. ಕುದಿಸಿದ ಮೇಲೆ ತುದಿಯನ್ನು ಹತ್ತಿಯ ಮೇಲೆ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ತುದಿ ಬಾಗಿ ಕೊಕ್ಕೆಯಾಗಿದೆ ಎಂದರ್ಥ. ಅಂಥದ್ದು ಚುಚ್ಚುವುದಿಲ್ಲ, ಹರಿಯುತ್ತದೆ. ಅವನ್ನು ನಾನು ಬೇರೆ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ.

ಡಾಕ್ಟರು ಒಳ್ಳೆಯವರು, ಆದರೆ ಅವಸರದವರು. ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ಲೋಕಲ್ ರೈಲು ಹಿಡಿಯುವವರು. “ತೋಂಡ್ ಉಘಡಾ” ಎನ್ನುವರು. ಬಾಯಿ ತೆರೆದದ್ದೇ ತಡ, ಸೂಜಿ ಒಳಗೆ, ಔಷಧವೂ ಒಂದೇ ಉಸಿರಿಗೆ ಒಳಗೆ. ಪೇಶಂಟಿನ ಪಾದ ಕುರ್ಚಿಯಿಂದ ಮೇಲೇಳುತ್ತಿತ್ತು. ನಾನು ತಲೆ ಅದುಮಿ, ಇರುವೆ ಕಚ್ಚಿತು ಅಷ್ಟೇ ಎಂದು ಮರಾಠಿಯಲ್ಲಿ ಸಮಾಧಾನ ಹೇಳುತ್ತಿದ್ದೆ, “ಮುಂಗೀ ಚಾವ್ಲೀ, ಮುಂಗೀ.”

ಮದುವೆಯಾಗಿ ಬಂದ ವರ್ಷವೇ ಹೆಂಡತಿಗೆ ಕೆಳದವಡೆಯ ಹಲ್ಲು ನೋವು ಶುರುವಾಯಿತು. ಡಾಕ್ಟರಿಗೆ ಹೇಳಿದೆ. “ನಿನ್ನ ಮನೆಯವಳಿಗೆ ಫೀಸ್ ಎಂಥದ್ದು? ಮಧ್ಯಾಹ್ನ ಬಂದ್ ಇರುವಾಗ ಕರೆದುಕೊಂಡು ಬಾ” ಎಂದರು.

ಹೋಟೆಲಿನಲ್ಲಿ ನಮಗೊಂದು ಪದ್ಧತಿ ಇತ್ತು. ಸೀದ ದೋಸೆ, ಅಂಚು ಮುರಿದ ಇಡ್ಲಿ ಗಿರಾಕಿಗೆ ಹೋಗುವುದಿಲ್ಲ. ಅದು ನಮ್ಮ ಪಾಲು. ಯಾರಿಗೂ ಅದು ಅವಮಾನ ಎನಿಸುತ್ತಿರಲಿಲ್ಲ, ಮರ್ಯಾದೆ ಎನಿಸುತ್ತಿತ್ತು. ಪುಕ್ಕಟೆ ಚಿಕಿತ್ಸೆಗೆ ಒಳ್ಳೆಯ ಸೂಜಿ ತೆಗೆದರೆ, ಇವನು ತನ್ನವರಿಗೆ ನನ್ನ ಸಾಮಾನು ಸುರಿಯುತ್ತಾನೆ ಎಂದು ಡಾಕ್ಟರು ತಿಳಿದಾರು ಎಂದು ನನಗೆ ಸಂಕೋಚ. ಬೇರೆ ಡಬ್ಬಿಯಿಂದ ಒಂದನ್ನು ಆರಿಸಿದೆ. ಚೆನ್ನಾಗಿಯೇ ಕುದಿಸಿದೆ. ಹತ್ತಿಯ ಮೇಲೆ ಎಳೆದು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಕುರ್ಚಿಯಲ್ಲಿ ಕೂತು ಅವಳು ಮೆಲ್ಲಗೆ ಕೇಳಿದಳು, “ನೋವಾಗ್ತದಾ?”

“ಎಂತದೂ ಆಗುದಿಲ್ಲ. ಇರುವೆ ಕಚ್ಚಿದ ಹಾಗೆ.”

ನಂಬಿದಳು. ಬಾಯಿ ತೆರೆದಳು.

ಅವಳ ಕೂಗಿಗೆ ಮಿಠಾಯಿ ಅಂಗಡಿಯವನು ಮೆಟ್ಟಿಲು ಹತ್ತಿ ಬಂದ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಬಿಡಿಸಲಿಕ್ಕೆಂದು ಹಿಡಿದಳೋ, ಆಸರೆಗೆ ಹಿಡಿದಳೋ, ನಾನು ಮಾತ್ರ ಅವಳ ಹಣೆಯನ್ನು ಇನ್ನಷ್ಟು ಅದುಮಿದೆ. ಡಾಕ್ಟರು ಸೂಜಿಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ನಾನು ಟ್ರೇ ನೋಡುತ್ತಾ ನಿಂತೆ. ಅವರು ಉಳಿದ ಕೆಲಸಕ್ಕೆ ಕೈಹಾಕಿದರು. ಹಲ್ಲು ಕಿತ್ತುಬಂತು.

ಮನೆಗೆ ನಡೆಯುವಾಗ ಹತ್ತಿ ಕಚ್ಚಿದ ಬಾಯಿಯಲ್ಲೇ ಕೇಳಿದಳು, “ಎಲ್ಲರಿಗೂ ಹೀಗೇನಾ?”

ಆಗಲೇ ಹೇಳಬಹುದಿತ್ತು. “ಎಲ್ಲರಿಗೂ ಹೀಗೇ. ನೀನೊಂದು ಹೆದರುಪುಕ್ಕಿ” ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ಭಾನುವಾರ ಠಾಣೆಯಲ್ಲಿ ನಮ್ಮವರ ಭಜನೆ ಇರುತ್ತಿತ್ತು. ಅವಲಕ್ಕಿ ಹಂಚುವಾಗ ಅವಳ ಎದುರಿಗೇ ಕಥೆ ಕಟ್ಟಿದೆ. “ಒಂದು ಇರುವೆ ಕಚ್ಚಿದ್ದು ಮಾರಾಯ್ರೆ, ಕಲ್ಯಾಣದ ಲೋಕಲ್ ರೈಲೇ ನಿಲ್ಲಬೇಕು, ಹಾಗೆ ಕೂಗಿದ್ಳು.” ಎಲ್ಲರೂ ನಕ್ಕರು. ಮಕ್ಕಳು ಅಂದಿನಿಂದಲೇ ಇರುವೆಯಕ್ಕ ಎಂದರು. ಅವಳೂ ನಕ್ಕಳು. ಆ ನಗೆ ನಿಜವೆಂದೇ ನಾನು ಎಣಿಸಿದ್ದೆ.

ಕೆಲವು ವರ್ಷಗಳಲ್ಲಿ ಇನ್ನೊಂದು ಬದಿಯ ಹಲ್ಲು ಹುಳುಕಾಯಿತು. ಲವಂಗ ಇಟ್ಟಳು, ಉಪ್ಪುನೀರು ಮುಕ್ಕಳಿಸಿದಳು. ಅವಳಿಗೆ ಪ್ರಾಣವಾದ ಚಕ್ಕುಲಿ ಬಿಟ್ಟಳು. ಅನ್ನಕ್ಕೆ ಮಜ್ಜಿಗೆ ಕಲಸಿ ಕೆನ್ನೆ ಒತ್ತಿಕೊಂಡು ನುಂಗುತ್ತಿದ್ದಳು. ದವಾಖಾನೆಗೆ ಕರೆದರೆ, “ಹೆದರುಪುಕ್ಕಿಯರೆಲ್ಲ ಅಲ್ಲಿಗೆ ಬರ್ಲಿಕ್ಕೆ ಆಗ್ತದಾ ಮಾರಾಯ್ರೆ?” ಎನ್ನುವಳು. ಡಾಕ್ಟರು ನನ್ನಿಂದ ಕೇಳಿ, ಇನ್ನೂ ತಡಮಾಡಿದರೆ ಅದನ್ನೂ ಕೀಳಬೇಕಾದೀತು ಎಂದರು.

ಎಂಬತ್ತರ ದಶಕದಲ್ಲಿ ಡಾಕ್ಟರ ಸೊಸೆ ಕಲಿತು ಬಂದು ಸಂಜೆಯ ಹೊತ್ತು ಕೂರತೊಡಗಿದರು. ಅವರ ರೀತಿಯೇ ಬೇರೆ. ಔಷಧದ ಬಾಟಲಿಯನ್ನು ಮೊದಲೇ ಹೊರಗೆ ತೆಗೆಸಿ, ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸುವರು. ಒಸಡನ್ನು ಒರೆಸಿ ಒಣಗಿಸಿ ಜೆಲ್ ಹಚ್ಚಿ, ಅದು ಹಿಡಿಯುವವರೆಗೆ ಪೇಶಂಟಿನ ಮನೆಯ ಸುದ್ದಿ ಕೇಳುವರು. ಆಮೇಲೆ ಕೆನ್ನೆಯನ್ನು ಬಿಗಿಯಾಗಿ ಎಳೆದು ಅಲುಗಿಸುತ್ತಾ ಹೊಸ ಸೂಜಿಯನ್ನು ಮೆಲ್ಲಗೆ ಇಳಿಸುವರು. ಒಂದು ಹನಿ ಬಿಟ್ಟು ನಿಲ್ಲುವರು. ಉಳಿದದ್ದು ಹರಳೆಣ್ಣೆ ಇಳಿದ ಹಾಗೆ. ಸೂಜಿಗಿಂತ ಔಷಧ ನುಗ್ಗುವ ರಭಸವೇ ಹೆಚ್ಚು ನೋಯಿಸುತ್ತದೆ ಎನ್ನುವರು.

ಮೊದಲ ವಾರ ಕಲಬುರಗಿ ಕಡೆಯ ಒಬ್ಬ ಹಮಾಲ ಬಂದಿದ್ದ, ಬಾಗಿಲು ತುಂಬುವ ಆಳು. ಎಲ್ಲ ಮುಗಿದ ಮೇಲೆ ನನ್ನನ್ನು ಕೇಳಿದ, “ಚುಚ್ಚೂದು ಯಾವಾಗ್ರಿ ಅಣ್ಣಾರ?”

“ಚುಚ್ಚಿ ಆಯ್ತು ಮಾರಾಯ.”

“ಏ, ಸುಳ್ಳ್ ಹೇಳಬ್ಯಾಡ್ರಿ.”

ಎಲ್ಲರೂ ನಕ್ಕರು. ನನಗೆ ಆಗಲಿಲ್ಲ. ಮೆಟ್ಟಿಲಿಗೆ ಬಂದು ನಿಂತೆ. ಹೆಂಡತಿ ಹಿಡಿದಿದ್ದ ಮಣಿಕಟ್ಟನ್ನೇ ನೋಡುತ್ತಿದ್ದೆ. ಸೊಸೆಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು: ಇರುವೆ ಗಿರುವೆ ಎನ್ನಬೇಡಿ ಅಣ್ಣಾ. ಸ್ವಲ್ಪ ಚುಚ್ಚುತ್ತದೆ ಎನ್ನಿ, ಕೈ ಎತ್ತಿದರೆ ನಿಲ್ಲಿಸುತ್ತೇವೆ ಎನ್ನಿ.

ಅದನ್ನೇ ಮನೆಯಲ್ಲಿ ಹೇಳಿದೆ. ಎಷ್ಟೋ ದಿನ ಕಾಡಿದ ಮೇಲೆ ಒಂದು ಷರತ್ತಿನೊಂದಿಗೆ ಒಪ್ಪಿದಳು. “ನೀವು ತಲೆ ಹಿಡಿಯುದು ಬೇಡ.”

ನಾನು ದೂರ ನಿಂತೆ. ಸೊಸೆಡಾಕ್ಟರು ಬಾಟಲಿಯನ್ನು ನನ್ನ ಕೈಗೆ ಕೊಟ್ಟು, “ನೀವೇ ಬೆಚ್ಚಗೆ ಮಾಡಿ” ಎಂದರು. ಎರಡೂ ಅಂಗೈಗಳ ನಡುವೆ ಇಟ್ಟುಕೊಂಡೆ. ಚಿಕ್ಕ ಹಕ್ಕಿಮರಿಯನ್ನು ಹಿಡಿದ ಹಾಗಿತ್ತು. ಸಾಕು ಎಂದು ಅವರು ಕೇಳಿದರೂ ಕೊಡಲು ಮನಸ್ಸಾಗಲಿಲ್ಲ, ಇನ್ನೂ ತಣ್ಣಗಿದ್ದರೆ ಎಂದು.

ಸೂಜಿ ಇಳಿಯುತ್ತಿದ್ದಾಗ ಅವಳ ಕೈ ಮೇಲೆದ್ದಿತು. ಡಾಕ್ಟರು ಕೂಡಲೇ ನಿಲ್ಲಿಸಿದರು. ನೋವಾಯಿತೇ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದಳು. ಕೈ ಎತ್ತಿದರೆ ನಿಜಕ್ಕೂ ನಿಲ್ಲಿಸುತ್ತಾರೋ ಎಂದು ನೋಡಿದ್ದಳು. ಕೈ ಇಳಿಸಿ ಕಣ್ಣು ಮುಚ್ಚಿದಳು. ಅವಳ ಪಾದ ಕುರ್ಚಿಯಿಂದ ಏಳಲಿಲ್ಲ.

ಔಷಧ ಹಿಡಿಯಲಿ ಎಂದು ಡಾಕ್ಟರು ಹೊರಗೆ ಹೋದಾಗ ನಾನು ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಬೇರೆ ಡಬ್ಬಿ, ಕೊಕ್ಕೆ, ಸೀದ ದೋಸೆ. ಗೊತ್ತಿದ್ದೇ ತಂದದ್ದು ಎಂದೆ. ಅವಳು ಏನೇನೋ ಹೇಳಲು ಹೋದಳು. ಅರ್ಧ ತುಟಿ ಏಳಲಿಲ್ಲ, ಜೊಲ್ಲು ಇಳಿಯಿತು. ನಾನು ಟವಲಿನಿಂದ ಒರೆಸಿದೆ. ಒಂದು ಮಾತೂ ತಿಳಿಯಲಿಲ್ಲ, ಕಣ್ಣು ಮಾತ್ರ ನನ್ನ ಮೇಲೇ ಇತ್ತು. ಒಪ್ಪಿಕೊಳ್ಳಲಿಕ್ಕೂ ಅವಳಿಗೆ ಬೈಯಲಾಗದ ಹೊತ್ತನ್ನೇ ಆರಿಸಿದ್ದೆನಲ್ಲ ಎಂಬುದು ಆಮೇಲೆ ಹೊಳೆಯಿತು.

ಹಲ್ಲು ಉಳಿಯಿತು. ಆ ಸಂಜೆ ತುಟಿಗೆ ಜೀವ ಬಂದ ಮೇಲೆ, ಅಕ್ಕಿ ಆರಿಸುತ್ತಾ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು. “ಸೀದ ದೋಸೆ ಕೊಟ್ಟಿರಿ ಅಂತ ನಂಗೆ ಬೇಜಾರಿಲ್ಲ. ನಾನೂ ಮನೆಯವಳೇ ಅಲ್ವಾ, ತಿಂತಿದ್ದೆ. ಸೀದದ್ದು ದೋಸೆಯೇ ಅಂತ ಹೇಳ್ಬೇಕಿತ್ತು. ನೀವು ನನ್ನ ನಾಲಿಗೆಯೇ ಸರಿ ಇಲ್ಲ ಅಂದ್ರಿ.” ಮೊರ ಬದಿಗಿಟ್ಟು, “ಅಲ್ಲಿ ನಗಾಡಿದವರ ಎದುರೇ ಹೇಳಿ” ಎಂದಳು.

ಮುಂದಿನ ಭಾನುವಾರ ಭಜನೆಗೆ ಹೋದೆವು. ಹೇಳಬೇಕೆಂದೇ ಹೋದವನು. ಅಷ್ಟರಲ್ಲಿ ಯಾರೋ ವಾಶಿಯಲ್ಲಿ ಮನೆ ತೆಗೆದುಕೊಂಡ ಸುದ್ದಿ ಎತ್ತಿದರು, ಮಾತು ಆ ಕಡೆ ಹೋಯಿತು. ನಾನು ಅವಲಕ್ಕಿ ತಿಂದು ಎದ್ದೆ. ಅವಳು ಚಪ್ಪಲಿ ಹಾಕಿಕೊಳ್ಳುತ್ತಾ ನನ್ನನ್ನು ಒಮ್ಮೆ ನೋಡಿದಳು. ಮತ್ತೆ ಯಾವತ್ತೂ ಕೇಳಲಿಲ್ಲ. ಆ ಜನ ಒಬ್ಬೊಬ್ಬರಾಗಿ ಚದುರಿದರು, ಕೆಲವರು ತೀರಿಕೊಂಡರು.

ಮೊನ್ನೆ ಫೋನಿನಲ್ಲಿ, ಅಂದಿನ ಮಕ್ಕಳಲ್ಲೊಬ್ಬ, ಈಗ ಅವನೂ ಅಜ್ಜ, “ಇರುವೆಯಕ್ಕ ಹೇಗಿದ್ದಾರೆ?” ಎಂದ. ಅವಳು ಪಕ್ಕದಲ್ಲೇ ಚಕ್ಕುಲಿ ತಿನ್ನುತ್ತಿದ್ದಳು, ಉಳಿದ ಆ ಹಲ್ಲಿನ ಬದಿಯಲ್ಲಿ. ಅಗಿಯುವುದು ಒಂದು ಕ್ಷಣ ನಿಂತಿತು.

ಅಂದು ನಕ್ಕವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಯಿರಿ: ಅಲ್ಲಿ ಇರುವೆ ಇರಲಿಲ್ಲ. ಕೊಕ್ಕೆಯಾದ ಸೂಜಿ ಇತ್ತು. ಅದನ್ನು ಗೊತ್ತಿದ್ದೇ ಆರಿಸಿ ತಂದವನು ನಾನು. ನನ್ನ ಹೆಂಡತಿ ಹೆದರುಪುಕ್ಕಿಯಲ್ಲ.