ಶರಣಕ್ಕನ ಕೆಂಪು ದೀಪ

ಶರಣಕ್ಕನ ಕೈಗೆ ಫೋನು ಕೊಡಲು ನಮ್ಮ ಪ್ರಯೋಗಾಲಯದಲ್ಲಿ ಎಲ್ಲರಿಗೂ ಹೆದರಿಕೆ. ಬೆರಳನ್ನು ನೀರಿಗದ್ದಿ ಪರದೆಯ ಮೇಲೆ ಟಪ್ಪನೆ ಒಂದು ಹನಿ ಬಿಟ್ಟುಬಿಡುತ್ತಿದ್ದಳು. ಆ ಹನಿಯೊಳಗೆ ಬೆಳ್ಳಗಿನ ಪರದೆ ಒಡೆದು ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣುತ್ತಿದ್ದವು. "ನೋಡು ತಂಗಿ, ಬಿಳಿ ಅನ್ನೂದು ಇಲ್ಲಿ ಇಲ್ಲೇ ಇಲ್ಲ. ಮೂರು ಮಂದಿ ಕೂಡಿ ನಮ್ಮ ಕಣ್ಣಿಗೆ ಮಣ್ಣೆರಚ್ಯಾರ" ಎಂದು ನಗುತ್ತಿದ್ದಳು. ರಸೆಲ್ ಮಾರುಕಟ್ಟೆಯ ಹಣ್ಣಿನಂಗಡಿಯವರ ಫೋನಿಗೂ ಇದೇ ಗತಿ. ಮೊದಲು ಬೈದವರೇ ಆಮೇಲೆ ಪಕ್ಕದಂಗಡಿಯವರನ್ನೂ ನೋಡಲು ಕರೆಯುತ್ತಿದ್ದರು. ದಾಳಿಂಬೆ ಕೊಳ್ಳಲು ಹೋದ ನಾವು ಮಧ್ಯಾಹ್ನವೆಲ್ಲ ಅಲ್ಲೇ ಇರುತ್ತಿದ್ದೆವು.

ಅವಳು ಯಾದಗಿರಿ ಕಡೆಯವಳು. ಗಾರೆ ಕೆಲಸಕ್ಕೆಂದು ಬಂದ ಅಪ್ಪ ಅವ್ವನ ಜೊತೆ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿದ್ದಳು. ಹಲಸೂರಿನ ನಮ್ಮ ಪ್ರಯೋಗಾಲಯಕ್ಕೆ ನಾನು ಸಂಶೋಧನೆಗೆ ಸೇರಿದಾಗ ಅವಳದು ಪಿಎಚ್‌ಡಿಯ ಕೊನೆಯ ವರ್ಷ. ಫೋನು, ಟಿವಿಗಳ ಪರದೆಗೆ ಬೇಕಾದ ಎಲ್‌ಇಡಿ ದೀಪಗಳಿಗಾಗಿ ಹೊಸ ಬಗೆಯ ಹರಳಿನ ಪದರ ಮಾಡುತ್ತಿದ್ದಳು. ಹಸಿರು ಹೇಳಿದ ಮಾತು ಕೇಳಿತ್ತು. ಕೆಂಪು ಮಾತ್ರ ಹತ್ತಿದ ಕೆಲವೇ ವಾರಗಳಲ್ಲಿ ಮಂಕಾಗುತ್ತಿತ್ತು. "ಇದು ನಮ್ಮ ಸೋದರಮಾವ ಇದ್ದಂಗ ಅದ ನೋಡು. ಕರದ್ರ ಬರ್ತದ, ಉಣ್ತದ, ಕೆಲಸ ಅಂದ್ರ ಮಾರಿ ಸಣ್ಣ ಮಾಡ್ತದ" ಎನ್ನುತ್ತಿದ್ದಳು.

ಆ ವರ್ಷ ನಮ್ಮ ಮೇಷ್ಟ್ರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಅವಧಿ ಮುಗೀತಾ ಬಂತು ಶರಣಮ್ಮ. ಈ ಸಲಾನೂ ಕೆಂಪು ನಿಲ್ಲದಿದ್ರೆ ಪ್ರಬಂಧ ಸಲ್ಲಿಸೋಕಾಗಲ್ಲ." ಅಲ್ಲಿಗೆ ಅಷ್ಟು ವರ್ಷದ ಓದು ನೀರಿನಲ್ಲಿ ಹೋಮ. ಅವಳು ಕೊನೆಯ ದೀಪವನ್ನು ಹಚ್ಚಿ, ಬೆಳಕು ಅಳೆಯುವ ಮೀಟರಿನ ಮುಂದಿಟ್ಟಳು. ಅದೂ ದಿನದಿನಕ್ಕೆ ಕುಗ್ಗುತ್ತಾ ಅರ್ಧಕ್ಕೆ ಇಳಿಯಿತು. ಆದರೂ ಆಸೆ ಬಿಡದೆ, ಪಕ್ಕದಲ್ಲಿ 'ಆರಿಸಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ ದಸರೆಗೆ ಊರಿಗೆ ಹೋದಳು.

ರಜೆ ಮುಗಿಸಿ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ದೀಪ ಆರಿತ್ತು! 'ಆರಿಸಬೇಡಿ' ಚೀಟಿಯ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಇದೆಲ್ಲ ನಮ್ಮ ಎಲೆಕ್ಟ್ರಿಷಿಯನ್ ಮುರುಗೇಶಣ್ಣನ ಕೆಲಸ. ನಾವೆಲ್ಲ ಹೊರಟ ಮೇಲೆ ಅವನೊಬ್ಬನೇ ಭಕ್ತಿಯಿಂದ ಆಯುಧಪೂಜೆ ಮುಗಿಸಿ, ಮೇನ್ ಸ್ವಿಚ್ ಇಳಿಸಿ ಹೋಗಿದ್ದ.

"ಅಣ್ಣಾ, ನನ್ನ ಹೊಟ್ಟಿ ಮ್ಯಾಲ ಹೊಡದ್ರೆಲ್ಲೋ!"

"ಎಲ್ಲಾ ಮೆಷಿನ್‌ಗೂ ರೆಸ್ಟ್ ಕೊಟ್ಟು ಇದೊಂದಕ್ಕೆ ಕೊಡ್ದೇ ಇದ್ರೆ ಪಾಪ ಅಲ್ವಾಮ್ಮಾ?" ಎಂದ ಮುರುಗೇಶಣ್ಣ, ಪೂಜೆಯ ಕಡ್ಲೆಪುರಿ ನೀಡುತ್ತಾ.

ಶರಣಕ್ಕ ಕುರ್ಚಿಯಲ್ಲಿ ಕುಸಿದಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅಂದೇ ಮೊದಲು. ಕೊನೆಗೆ ಎದ್ದು, ಆದದ್ದಾಗಲಿ ಎಂದು ಸ್ವಿಚ್ ಒತ್ತಿದಳು. ದೀಪ ಹತ್ತಿತು. ಅಯ್ಯಯ್ಯೋ, ಅದೇನು ಕೆಂಪು! ಮೊದಲ ದಿನದ ಕೆಂಪು. "ಮೀಟರ್ ಕೆಟ್ಟದ" ಎಂದು ಗದರಿ ಬೇರೆ ಮೀಟರ್ ತಂದಳು. ಅದೂ ಅಷ್ಟೇ ತೋರಿಸಿತು. ಆಗ ನನ್ನನ್ನು ಹಿಡಿದು ಗಿರಗಿರನೆ ತಿರುಗಿಸಿದಳು. ಮರುಕ್ಷಣವೇ ಸಪ್ಪಗೆ ನಿಂತು, "ಒಮ್ಮಿ ಆದ್ರ ಏನ್ ಬಂತು? ಮತ್ತ ಮತ್ತ ಆಗಬೇಕು" ಎಂದಳು.

ಮತ್ತೆ ಮತ್ತೆ ಆಯಿತು. ಶುಕ್ರವಾರ ಆರಿಸುವುದು, ಸೋಮವಾರ ಹಚ್ಚುವುದು. ಬೇರೆ ಯಾರೂ ಸ್ವಿಚ್ ಮುಟ್ಟದಂತೆ ಮುರುಗೇಶಣ್ಣ ಕಾವಲು ಕೂತ. "ನನ್ ಕೈಗುಣ ಅಮ್ಮಾ" ಎಂದು ಎದೆಯುಬ್ಬಿಸುತ್ತಿದ್ದ. ಕರೆಂಟು ಹರಿದಾಗ ಹರಳಿನೊಳಗೆ ಜರುಗಿದ ಕಣಗಳು ಬಿಡುವು ಕೊಟ್ಟರೆ ಮರಳಿ ತಮ್ಮ ಜಾಗಕ್ಕೆ ಬರುತ್ತವೆ ಎಂಬುದೇ ಪ್ರಬಂಧದ ಕೊನೆಯ ಅಧ್ಯಾಯವಾಯಿತು. ಮೌಖಿಕ ಪರೀಕ್ಷೆಗೆ ಬಂದ ಹಿರಿಯರು, "ದೀಪಕ್ಕೆ ಬಿಡುವು ಕೊಡಬೇಕು ಅಂತ ಹೇಗೆ ಹೊಳೀತಮ್ಮ?" ಎಂದು ಕೇಳಿದರು. ಏನಾದರೂ ದೊಡ್ಡ ಮಾತು ಹೇಳುತ್ತಾಳೆಂದು ನಾವು ಕಾದರೆ, "ನನಗ ಹೊಳದಿಲ್ಲ ಸರ್. ಆಯುಧಪೂಜಿ ದಿನ ನಮ್ಮ ಮುರುಗೇಶಣ್ಣ ಆರಿಸಿದ್ರು" ಎಂದಳು. ಕೋಣೆಯೆಲ್ಲ ನಕ್ಕಿತು. ಪದವಿ ಸಿಕ್ಕಿತು.

ರಾಯಚೂರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಅವಳು ಹೊರಟಾಗ ಆ ದೀಪವನ್ನು ನನಗೆ ಒಪ್ಪಿಸಿದಳು. "ಎಷ್ಟು ದಿನ ಬಾಳ್ತದ ನೋಡೂಣು" ಎಂದಳು. ಆಮೇಲೆ ಪ್ರತಿ ಸೋಮವಾರ ಫೋನು.

"ಹತ್ತಿತೇನು?"

"ಹತ್ತಿತು ಅಕ್ಕಾ."

"ಹಾಂ, ಇಡ್ತೀನಿ."

ಅಷ್ಟೇ! ಊಟವಾಯಿತಾ ಎಂದಿಲ್ಲ, ನನ್ನ ಓದಿನ ಗತಿಯೇನು ಎಂದಿಲ್ಲ. ನನಗೆ ಉರಿದುಹೋಗುತ್ತಿತ್ತು. ಅವಳಿಲ್ಲದೆ ಪ್ರಯೋಗಾಲಯ ಬಿಕೋ ಎನ್ನುತ್ತಿದೆ ಎಂದು ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಫೋನು ಕಟ್.

ಕಳೆದ ಸೋಮವಾರ ಮುರುಗೇಶಣ್ಣ ಸ್ವಿಚ್ ಒತ್ತಿದ, ದೀಪ ಹತ್ತಲಿಲ್ಲ. ಒತ್ತಿ ಒತ್ತಿ ನೋಡಿದ. ಅಷ್ಟರಲ್ಲಿ ಶರಣಕ್ಕನ ಫೋನು ಬಂತು.

"ಅಕ್ಕಾ... ಹತ್ತಲಿಲ್ಲ."

ಆ ಕಡೆ ಕಾಲೇಜಿನ ಗಂಟೆ ಬಾರಿಸಿ ನಿಂತದ್ದು ಕೇಳಿಸಿತು.

"ಹೋಗ್ಲಿ ಬಿಡು, ಭಾಳ ದಿನ ದುಡೀತು. ಈಗ ಹೇಳು ತಂಗಿ," ಎಂದಳು ಶರಣಕ್ಕ, "ನೀ ಹ್ಯಾಂಗಿದ್ದಿ?"